ತೊಟ್ಟಿಲಿನಿಂದ ಶಾಸನಸಭೆಗೆ: ಡಾ. ಮುತ್ತುಲಕ್ಷ್ಮೀ ರೆಡ್ಡಿಯವರ ಜೀವನ

ನಾನು ಬ್ಯಾಂಕಿನ ಒಬ್ಬ ಗುಮಾಸ್ತ. ದಿನವಿಡೀ ಜಮಾ-ಖರ್ಚಿನ ಅಂಕಿಗಳ ನಡುವೆ ಕಾಲ ಕಳೆಯುವವನಿಗೆ ಮಹನೀಯರೊಬ್ಬರ ಜೀವನಚರಿತ್ರೆಯನ್ನು ಬರೆಯುವ ಯೋಗ್ಯತೆ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಅದರ ಕಾರಣವನ್ನು ಮೊದಲೇ ನಿವೇದಿಸಿಕೊಳ್ಳುತ್ತೇನೆ.

ಒಂದು ದಿನ ನಮ್ಮ ಕೌಂಟರಿನ ಮುಂದೆ ಎಳೆಗೂಸನ್ನು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಪಾಸ್‌ಬುಕ್ ಹಿಡಿದು ನಿಂತಿದ್ದಳು. ಬಳ್ಳಾರಿಯ ಕಡೆಯವಳು. ಗಂಡ ಇಲ್ಲಿ ಕಂಟ್ರಾಕ್ಟರೊಬ್ಬರ ಕೈಕೆಳಗೆ ದುಡಿಯುವವನು. ತಮಿಳು ಇನ್ನೂ ಸರಿಯಾಗಿ ಬಾರದ ಆಕೆ, ನಾನು ಕನ್ನಡಿಗನೆಂದು ತಿಳಿದೊಡನೆ ಮುಖವರಳಿಸಿ, ಮುತ್ತುಲಕ್ಷ್ಮಿ ರೆಡ್ಡಿ ಹಣ ಬಂತೇ ಎಂದು ವಿಚಾರಿಸಿದಳು. ಬಂದಿತ್ತು. ಆದರೆ ಆಕೆಗೆ ಒಂದು ಭಯ. ಇದು ಸಾಲವೇ, ಮುಂದೆ ತೀರಿಸಬೇಕೇ, ಕೊಟ್ಟವರು ಯಾವ ರೆಡ್ಡಿ ಸಾಹುಕಾರರು ಎಂದು ಕೇಳಿದಳು. ಸಾಲವಲ್ಲ, ಬಡ ಬಾಣಂತಿಯರಿಗೆ ತಮಿಳುನಾಡು ಸರ್ಕಾರ ಕೊಡುವ ಸಹಾಯ ಎಂದು ಸಮಾಧಾನ ಹೇಳಿ ಕಳುಹಿಸಿದೆ. ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಹೇಳಲು ತೋಚಲಿಲ್ಲ. ಹಲವು ವರ್ಷಗಳಿಂದ ಆ ಹೆಸರನ್ನು ಕಾಗದಪತ್ರಗಳಲ್ಲಿ ನೋಡುತ್ತ ಬಂದಿದ್ದರೂ ಆಕೆ ಯಾರೆಂದು ನಾನು ಅರಿತಿರಲಿಲ್ಲ. ಆ ನಾಚಿಕೆಯಿಂದ ಹುಡುಕಿ ಓದಿದ್ದರ ಫಲವೇ ಈ ಲೇಖನ.

ಮುತ್ತುಲಕ್ಷ್ಮಿಯವರು ಜನಿಸಿದ್ದು ೧೮೮೬ನೆಯ ಇಸವಿ ಜುಲೈ ೩೦ರಂದು, ಪುದುಕೋಟೆ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ವಿದ್ವಾಂಸರು, ಅಲ್ಲಿಯ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ತಾಯಿ ಚಂದ್ರಮ್ಮಾಳ್ ದೇವದಾಸಿ ಕುಲದಲ್ಲಿ ಹುಟ್ಟಿದವರು. ಇಂಥ ಮನೆಯ ಮಕ್ಕಳನ್ನು ಸಮಾಜ ಯಾವ ಕಣ್ಣಿನಿಂದ ನೋಡುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ದೊಡ್ಡವಳಾದ ಹುಡುಗಿಯನ್ನು ಶಾಲೆ ಬಿಡಿಸುವುದು ಆಗಿನ ವಾಡಿಕೆ. ಮುತ್ತುಲಕ್ಷ್ಮಿಯವರ ಶಾಲೆಯೂ ಹಾಗೆಯೇ ನಿಂತಿತು. ಆದರೆ ಓದು ನಿಲ್ಲಲಿಲ್ಲ. ಮನೆಯಲ್ಲೇ ಪಾಠ ನಡೆದು, ಖಾಸಗಿಯಾಗಿ ಕುಳಿತು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು.

ಮುಂದಿನ ಓದಿಗೆ ಊರಿನಲ್ಲಿದ್ದುದು ಗಂಡುಮಕ್ಕಳ ಕಾಲೇಜೊಂದೇ. ಹುಡುಗಿಯೊಬ್ಬಳು ಅಲ್ಲಿಗೆ ಕಾಲಿಟ್ಟರೆ ಕಾಲೇಜು ಕೆಟ್ಟುಹೋಗುವುದೆಂದು ಹೆದರಿದವರು ಅನೇಕರು. ಆ ಆಕ್ಷೇಪಣೆಗಳನ್ನು ಲೆಕ್ಕಿಸದೆ ಪ್ರವೇಶ ಕೊಡಿಸಿದವರು ಪುದುಕೋಟೆಯ ದೊರೆ ಮಾರ್ತಾಂಡ ಭೈರವ ತೊಂಡೈಮಾನ್ ಅವರು. ಕಾಲೇಜು ಕೆಡಲಿಲ್ಲ. ಮುತ್ತುಲಕ್ಷ್ಮಿಯವರು ೧೯೦೭ರಲ್ಲಿ ಮದರಾಸು ಮೆಡಿಕಲ್ ಕಾಲೇಜನ್ನು ಸೇರಿ, ೧೯೧೨ರಲ್ಲಿ ಹಲವು ಪದಕ ಬಹುಮಾನಗಳೊಡನೆ ವೈದ್ಯ ಪದವಿಯನ್ನು ಪಡೆದರು. ಬಳಿಕ ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆದರು. ೧೮೪೪ರಲ್ಲಿ ಸ್ಥಾಪನೆಯಾಗಿದ್ದ ಆ ಹಳೆಯ ಆಸ್ಪತ್ರೆಯಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರೇ.

ಆ ಕಾಲದ ಮದರಾಸಿನಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಇನ್ನೂರಕ್ಕೂ ಹೆಚ್ಚು ಶಿಶುಗಳು ಮೊದಲ ಹುಟ್ಟುಹಬ್ಬವನ್ನು ಕಾಣದೆ ಕಣ್ಣು ಮುಚ್ಚುತ್ತಿದ್ದುವು. ಐದು ತೊಟ್ಟಿಲುಗಳಲ್ಲಿ ಒಂದು ಬರಿದಾಗುತ್ತಿತ್ತು. ಇದಕ್ಕೆ ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿದ್ದುವು. ಹದಿಮೂರು ಹದಿನಾಲ್ಕರ ಎಳೆಯ ಹುಡುಗಿಯರೇ ತಾಯಂದಿರಾಗುತ್ತಿದ್ದರು. ಸೂಲಗಿತ್ತಿಯ ಕೈಯೂ ಹೊಕ್ಕುಳಬಳ್ಳಿ ಕೊಯ್ಯುವ ಕತ್ತಿಯೂ ಶುದ್ಧವಾಗಿರುತ್ತಿರಲಿಲ್ಲ. ತಾಯಿ ಸತ್ತರೆ ಅಥವಾ ಆಕೆಯ ಎದೆಹಾಲು ಬತ್ತಿದರೆ ಕೂಸಿಗೆ ಪೇಟೆಯ ಹಾಲೇ ಗತಿ.

ಆ ಪೇಟೆಯ ಹಾಲಿನ ಕಥೆಯೇ ಬೇರೆ. ಮದರಾಸಿನ ಹಾಲಿನವರು ಹಸುವನ್ನು ಮನೆಬಾಗಿಲಿಗೇ ಹೊಡೆದು ತಂದು, ಹುಲ್ಲು ತುಂಬಿದ ಸತ್ತ ಕರುವಿನ ತೊಗಲನ್ನು ಅದರ ಮುಂದಿಟ್ಟು ಕರೆಯುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಕಣ್ಣೆದುರಿಗೇ ಕರೆದ ಹಾಲು ಶುದ್ಧವೆಂದು ಗೃಹಿಣಿಯ ನಂಬಿಕೆ. ಆದರೆ ಕೆಚ್ಚಲನ್ನು ತೊಳೆದ ನೀರು, ಕರೆದವನ ಕೈ, ಚೊಂಬಿನ ತಳ, ಇವುಗಳ ಕೊಳೆ ಕಣ್ಣಿಗೆ ಬೀಳುವುದಿಲ್ಲ. ದೂರದಿಂದ ಬರುವ ಹಾಲಿಗಂತೂ ಕುಂಟೆಯ ನೀರೂ ಬಿಸಿಲೂ ಸೇರುತ್ತಿದ್ದುವು. ನೀರು ಬೆರೆಸಿದ ಹಾಲು ಮಗುವಿನ ಪುಷ್ಟಿಯನ್ನು ಕದಿಯುತ್ತದೆ. ಆ ನೀರು ಹೊಲಸಾಗಿದ್ದರೆ ಪ್ರಾಣವನ್ನೇ ಕದಿಯುತ್ತದೆ. ಬೇಸಿಗೆಯ ಭೇದಿಗೆ ಸಿಕ್ಕ ಕೂಸುಗಳು ಎರಡೇ ದಿನಗಳಲ್ಲಿ ಬಾಡಿಹೋಗುತ್ತಿದ್ದುವು. ಕಲಬೆರಕೆಯನ್ನು ತಡೆಯಲು ಮದರಾಸು ಪ್ರಾಂತದಲ್ಲಿ ೧೯೧೮ರಲ್ಲೇ ಕಾಯಿದೆಯೊಂದು ಬಂದಿತಾದರೂ ಕಾಯಿದೆ ಹಾಲಿನ ಚೊಂಬನ್ನು ಮುಟ್ಟುವುದು ಅಷ್ಟು ಸುಲಭವಾಗಿರಲಿಲ್ಲ.

ಮುತ್ತುಲಕ್ಷ್ಮಿಯವರು ೧೯೧೪ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ವರಿಸಿದರು. ಪತ್ನಿಯನ್ನು ಸರಿಸಮಾನಳೆಂದು ಗೌರವಿಸಬೇಕು, ಆಕೆಯ ಇಚ್ಛೆಗೆ ಅಡ್ಡಿ ಬರಬಾರದು ಎಂಬ ಒಪ್ಪಂದದ ಮೇಲೆ ಆದ ವಿವಾಹ ಅದು. ಸುಂದರ ರೆಡ್ಡಿಯವರು ಕೊಟ್ಟ ಮಾತನ್ನು ಕೊನೆಯವರೆಗೂ ನಡೆಸಿದರು. ಇಬ್ಬರು ಗಂಡುಮಕ್ಕಳ ತಾಯಿಯಾಗಿ, ವೈದ್ಯವೃತ್ತಿಯಲ್ಲಿ ಹೆಸರು ಗಳಿಸಿ, ಆಕೆ ಸುಖವಾಗಿಯೇ ಇದ್ದುಬಿಡಬಹುದಾಗಿತ್ತು. ಆದರೆ ೧೯೨೩ರಲ್ಲಿ ಅವರ ತಂಗಿ ಕ್ಯಾನ್ಸರ್ ರೋಗಕ್ಕೆ ಬಲಿಯಾದರು. ಮನೆಯಲ್ಲೇ ವೈದ್ಯರಿದ್ದೂ ಉಳಿಸಿಕೊಳ್ಳಲಾಗದ ಆ ಸಾವು ಅವರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

೧೯೨೫ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ, ಸ್ತ್ರೀಯರ ಮತ್ತು ಶಿಶುಗಳ ರೋಗಗಳ ಬಗ್ಗೆ ಹೆಚ್ಚಿನ ವ್ಯಾಸಂಗಕ್ಕಾಗಿ ಅವರು ಇಂಗ್ಲೆಂಡಿಗೆ ತೆರಳಿದರು. ಆ ವೇಳೆಗೆ ಶಿಶುರಕ್ಷಣೆಯ ವಿಷಯದಲ್ಲಿ ಪಶ್ಚಿಮ ದೇಶಗಳು ದೊಡ್ಡದೊಂದು ಪಾಠವನ್ನು ಕಲಿತಿದ್ದುವು. ಪ್ಯಾರಿಸಿನಲ್ಲಿ ಡಾ. ಬ್ಯೂಡಿನ್ ಎಂಬವರು ೧೮೯೨ರಲ್ಲಿ, ಹೆರಿಗೆಯಾಗಿ ಮನೆಗೆ ಹೋದ ತಾಯಂದಿರನ್ನು ಮತ್ತೆ ಮತ್ತೆ ಕರೆಸಿ ಕೂಸನ್ನು ತೂಗಿ ನೋಡುವ ಪದ್ಧತಿಯನ್ನು ಆರಂಭಿಸಿದರು. ನ್ಯೂಯಾರ್ಕಿನಲ್ಲಿ ನೇಥನ್ ಸ್ಟ್ರಾಸ್ ಎಂಬ ವರ್ತಕರು ೧೮೯೩ರಿಂದ ಬಡವರ ಕೇರಿಗಳಲ್ಲಿ ಪಾಶ್ಚರೀಕರಿಸಿದ ಹಾಲನ್ನು ಅಗ್ಗದ ಬೆಲೆಗೆ ಮಾರುವ ಅಂಗಡಿಗಳನ್ನು ತೆರೆದರು. ಹಾಲನ್ನು ಸುಮಾರು ೬೩ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅರ್ಧ ಗಂಟೆ, ಇಲ್ಲವೆ ೭೨ ಡಿಗ್ರಿಯಲ್ಲಿ ೧೫ ಸೆಕೆಂಡು ಇರಿಸಿ ಒಡನೆಯೇ ತಣ್ಣಗಾಗಿಸುವುದೇ ಪಾಶ್ಚರೀಕರಣ. ರೋಗಾಣುಗಳು ಸಾಯುತ್ತವೆ, ಹಾಲಿನ ಗುಣ ಉಳಿಯುತ್ತದೆ. ಇಂಗ್ಲೆಂಡು ೧೯೧೮ರಲ್ಲಿ ತಾಯಿ-ಮಕ್ಕಳ ಕಲ್ಯಾಣಕ್ಕೆಂದೇ ಶಾಸನವನ್ನು ಮಾಡಿ, ಊರೂರಿನ ಪೌರಸಂಸ್ಥೆಗಳಿಗೆ ಅಧಿಕಾರವನ್ನು ಕೊಟ್ಟಿತ್ತು. ವೈದ್ಯನ ಔಷಧಿ ಒಂದು ಕೂಸನ್ನು ಉಳಿಸೀತು. ಹಾಲು, ನೀರು, ದಾದಿ, ಶಾಸನ ಇವು ನೆಟ್ಟಗಾದರೆ ಊರಿನ ಕೂಸುಗಳೆಲ್ಲ ಉಳಿದಾವು. ಪಾಠವೆಂದರೆ ಇದು. ನಮ್ಮ ಮದರಾಸಿನಲ್ಲೂ ಕಾರ್ಪೊರೇಷನ್ನಿನವರು ೧೯೧೦ರ ದಶಕದ ಕೊನೆಯ ವರ್ಷಗಳಲ್ಲಿ ಶಿಶುಕಲ್ಯಾಣ ಕೇಂದ್ರಗಳನ್ನು ಆರಂಭಿಸಿದ್ದರು. ಆದರೆ ಅಗತ್ಯ ಸಮುದ್ರದಷ್ಟು, ಇದ್ದದ್ದು ಬೊಗಸೆಯಷ್ಟು.

ಮುತ್ತುಲಕ್ಷ್ಮಿಯವರ ಮುಂದಿನ ಬಾಳನ್ನು ನೋಡಿದರೆ ಅವರು ಈ ಪಾಠವನ್ನು ಎಷ್ಟು ಆಳವಾಗಿ ಗ್ರಹಿಸಿದ್ದರೆಂಬುದು ತಿಳಿಯುತ್ತದೆ. ಸ್ತ್ರೀಯರು ಶಾಸನಸಭೆಯಲ್ಲಿ ಕುಳಿತುಕೊಳ್ಳುವ ಹಕ್ಕು ೧೯೨೬ರಲ್ಲಿ ದೊರೆಯಿತು. ಆ ವರ್ಷದ ಚುನಾವಣೆಯಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ಪರ್ಧಿಸಿ, ಕೆಲವೇ ಮತಗಳ ಅಂತರದಿಂದ ಸೋತದ್ದು ಕನ್ನಡಿಗರು ನೆನಪಿಡತಕ್ಕ ಸಂಗತಿ. ಚುನಾವಣೆಯಿಂದ ಸ್ತ್ರೀಯರಾರೂ ಬಾರದಿರಲು ಸರ್ಕಾರ ಮುತ್ತುಲಕ್ಷ್ಮಿಯವರನ್ನು ಮದರಾಸು ಶಾಸನಸಭೆಗೆ ನಾಮಕರಣ ಮಾಡಿತು. ಬ್ರಿಟಿಷ್ ಇಂಡಿಯಾದ ಮೊದಲ ಮಹಿಳಾ ಶಾಸಕಿ ಎಂಬ ಕೀರ್ತಿ ಹೀಗೆ ಅವರದಾಯಿತು. ಸಭೆ ಅವರನ್ನು ಅವಿರೋಧವಾಗಿ ಉಪಾಧ್ಯಕ್ಷೆಯನ್ನಾಗಿಯೂ ಆರಿಸಿತು.

ಅಲ್ಲಿ ಅವರು ಮಾಡಿದ ಕೆಲಸವನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ತೊಟ್ಟಿಲಿನ ಸುತ್ತಲೇ ಅದೆಲ್ಲ ತಿರುಗುವುದು ಕಂಡುಬರುತ್ತದೆ. ಸ್ತ್ರೀಯರಿಗೂ ಮಕ್ಕಳಿಗೂ ಪ್ರತ್ಯೇಕ ಆಸ್ಪತ್ರೆ ಬೇಕೆಂಬ ಅವರ ಗೊತ್ತುವಳಿಯ ಫಲವಾಗಿ ಹೆರಿಗೆ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ ತೆರೆಯಿತು. ಶಾಲೆಯ ಮಕ್ಕಳನ್ನು ವೈದ್ಯರು ಕ್ರಮವಾಗಿ ಪರೀಕ್ಷಿಸಬೇಕೆಂದು ಒತ್ತಾಯಿಸಿದರು. ಹುಡುಗಿಯರ ಮದುವೆಯ ವಯಸ್ಸನ್ನು ಏರಿಸಬೇಕೆಂದು ವಾದಿಸಿದರು. ಎಳೆಯ ತಾಯಿ, ಬಡಕಲು ಕೂಸು, ಇವೆರಡೂ ಒಂದೇ ರೋಗದ ಎರಡು ಮುಖಗಳೆಂಬುದನ್ನು ಹೆರಿಗೆ ಕೋಣೆಯಲ್ಲಿ ನಿಂತು ಕಂಡವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ಶಾರದಾ ಕಾಯಿದೆ ೧೯೨೯ರಲ್ಲಿ ಅಂಗೀಕಾರವಾಗಿ, ಹುಡುಗಿಯರ ಮದುವೆಗೆ ೧೪ ವರ್ಷದ ಕನಿಷ್ಠ ಮಿತಿಯನ್ನು ಗೊತ್ತುಪಡಿಸಿತು.

ಅವರ ದೊಡ್ಡ ಹೋರಾಟವೆಂದರೆ ದೇವದಾಸಿ ಪದ್ಧತಿಯ ವಿರುದ್ಧ ನಡೆದದ್ದು. ಎಳೆಯ ಹೆಣ್ಣುಮಕ್ಕಳನ್ನು ದೇವಸ್ಥಾನಕ್ಕೆ ಒಪ್ಪಿಸುವ ಈ ಪದ್ಧತಿಯನ್ನು ನಮ್ಮ ಮೈಸೂರು ಸಂಸ್ಥಾನ ತನ್ನ ದೇವಾಲಯಗಳಲ್ಲಿ ೧೯೦೯ರಲ್ಲೇ ನಿಲ್ಲಿಸಿತ್ತು. ಮದರಾಸು ಹಿಂದೆ ಬಿದ್ದಿತ್ತು. ಮುತ್ತುಲಕ್ಷ್ಮಿಯವರ ಪ್ರಯತ್ನದಿಂದ ೧೯೨೯ರಲ್ಲಿ ಬಂದ ಶಾಸನ, ದೇವದಾಸಿಯರ ಇನಾಂ ಭೂಮಿಗಳನ್ನು ದೇವಸ್ಥಾನದ ಸೇವೆಯ ಕಟ್ಟಿನಿಂದ ಬಿಡಿಸಿತು. ಮಕ್ಕಳನ್ನು ಒಪ್ಪಿಸುವುದೇ ಅಪರಾಧವೆಂದು ಸಾರಿದ ಶಾಸನ ೧೯೪೭ರಲ್ಲಿ ಜಾರಿಯಾಯಿತು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಮದರಾಸಿಗೆ ಸೇರಿದ್ದ ಜಿಲ್ಲೆಗಳು. ಆದುದರಿಂದ ಆಕೆ ಈ ಊರಿನಲ್ಲಿ ಕುಳಿತು ಮಾಡಿಸಿದ ಕಾಯಿದೆ ತುಂಗಭದ್ರೆಯ ದಡದ ಕನ್ನಡ ಹುಡುಗಿಗೂ ನೇತ್ರಾವತಿಯ ದಡದ ಹುಡುಗಿಗೂ ಅನ್ವಯಿಸಿತು.

ಈ ವಿಷಯದಲ್ಲಿ ಇನ್ನೊಂದು ಪಕ್ಷವೂ ಇತ್ತೆಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ. ಆ ಪಕ್ಷದ ಮುಂದಾಳುಗಳಲ್ಲಿ ಪ್ರಮುಖರಾದವರು ನಂಜನಗೂಡಿನಲ್ಲಿ ಹುಟ್ಟಿ ಮದರಾಸಿನಲ್ಲಿ ಬಾಳಿದ ಬೆಂಗಳೂರು ನಾಗರತ್ನಮ್ಮನವರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಮಹಾತಾಯಿ ಅವರೇ. ತಮ್ಮ ಕುಲದವರೆಲ್ಲರನ್ನೂ ಪತಿತರೆಂದು ಎಣಿಸಬಾರದು, ಸಂಗೀತ ನೃತ್ಯಗಳನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದವರ ಜೀವನೋಪಾಯಕ್ಕೆ ಧಕ್ಕೆ ಬರಬಾರದು ಎಂಬುದು ಅವರ ಅಹವಾಲು. ಅದರಲ್ಲಿ ಸತ್ಯವಿತ್ತು, ಎಷ್ಟೋ ಕಲಾವಿದೆಯರು ಮುಂದೆ ಕಷ್ಟಕ್ಕೆ ಗುರಿಯಾದರು. ಹಾಗೆಂದು ಎಳೆಯ ಮಗುವಿನ ಬಾಳನ್ನು ಅದರ ಇಚ್ಛೆ ಕೇಳದೆ ಹಿರಿಯರು ನಿಶ್ಚಯಿಸಿಬಿಡುವುದನ್ನು ಒಪ್ಪಲಾದೀತೇ? ಆ ಕುಲದ ನೋವನ್ನು ಒಳಗಿನಿಂದ ಬಲ್ಲ ಇಬ್ಬರು ಸ್ತ್ರೀಯರು ಎದುರುಬದುರು ನಿಂತ ಈ ಪ್ರಸಂಗವನ್ನು ಓದುವಾಗ ಇಬ್ಬರ ಮೇಲೂ ಗೌರವ ಹೆಚ್ಚುತ್ತದೆ.

೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹದ ಕಾಲಕ್ಕೆ ಗಾಂಧೀಜಿಯವರ ಬಂಧನವಾದೊಡನೆ ಮುತ್ತುಲಕ್ಷ್ಮಿಯವರು ಶಾಸನಸಭೆಯ ಸ್ಥಾನಕ್ಕೆ ರಾಜೀನಾಮೆ ಇತ್ತರು. ಅಧಿಕಾರ ಬಿಟ್ಟ ಮೇಲೆ ಕೆಲಸ ಕಡಮೆಯಾಗಲಿಲ್ಲ. ದೇವದಾಸಿ ಮನೆತನದ ಕೆಲವು ಬಾಲಕಿಯರು ಆಶ್ರಯ ಬೇಡಿ ಅವರ ಬಾಗಿಲಿಗೆ ಬಂದರು. ಅವರನ್ನು ಸೇರಿಸಿಕೊಳ್ಳಲು ಹಾಸ್ಟೆಲುಗಳು ಒಪ್ಪಲಿಲ್ಲ. ಆಗ ಆಕೆ ತಮ್ಮ ಮನೆಯಲ್ಲೇ ಅವರಿಗೆ ಎಡೆ ಮಾಡಿಕೊಟ್ಟರು. ೧೯೩೦ರಲ್ಲಿ ಹೀಗೆ ಮೊದಲಾದುದೇ ತಮಿಳು ಕವಯಿತ್ರಿಯ ಹೆಸರು ಹೊತ್ತ ಅವ್ವೈ ಇಲ್ಲಂ. ಜಾತಿ ಕುಲ ಕೇಳದೆ ಅನಾಥ ಹೆಣ್ಣುಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟ ಆ ಸಂಸ್ಥೆ ಅನಂತರ ಅಡ್ಯಾರಿನಲ್ಲಿ ಬೆಳೆಯಿತು.

ಮದರಾಸು ಪ್ರಾಂತ ೧೯೩೯ರಲ್ಲಿ ಸಾರ್ವಜನಿಕ ಆರೋಗ್ಯ ಶಾಸನವನ್ನು ಮಾಡಿತು. ಭಾರತದಲ್ಲಿ ಆ ಬಗೆಯ ಸಮಗ್ರ ಶಾಸನಗಳಲ್ಲಿ ಅದೇ ಮೊದಲನೆಯದು. ತಾಯಿ-ಮಕ್ಕಳ ಕಲ್ಯಾಣವೂ ಆಹಾರದ ಶುದ್ಧಿಯೂ ಅದರಲ್ಲಿ ಸೇರಿದುವು. ದಾನಿಗಳ ದಯೆಯಿಂದ ನಡೆಯಬೇಕಾಗಿದ್ದ ಕೆಲಸ ಪೌರಸಂಸ್ಥೆಗಳ ಕರ್ತವ್ಯವಾಯಿತು. ಇದು ಅನೇಕರ ಶ್ರಮದ ಫಲ. ಮುತ್ತುಲಕ್ಷ್ಮಿಯವರು ಅದಕ್ಕೆ ಮೊದಲೇ ನೆಲ ಹದ ಮಾಡಿದವರಲ್ಲಿ ಒಬ್ಬರು.

ಸ್ವಾತಂತ್ರ್ಯ ಬಂದಾಗ ಅವರಿಗೆ ಅರುವತ್ತು ದಾಟಿತ್ತು. ವಿಶ್ರಾಂತಿಯ ಆ ವಯಸ್ಸಿನಲ್ಲಿ ತಂಗಿಯ ಸಾವಿನ ನೆನಪು ಮತ್ತೆ ಕಾರ್ಯರೂಪ ತಾಳಿತು. ಕ್ಯಾನ್ಸರಿಗೆಂದೇ ಪ್ರತ್ಯೇಕ ಆಸ್ಪತ್ರೆ ಬೇಕೆಂದು ಮನೆಮನೆಯ ಬಾಗಿಲು ತಟ್ಟಿ ಹಣ ಕೂಡಿಸಿದರು. ಅಡ್ಯಾರಿನಲ್ಲಿ ೧೯೫೨ರಲ್ಲಿ ನೆಹರೂರವರು ಅಸ್ತಿಭಾರ ಹಾಕಿದರು. ೧೯೫೪ರಲ್ಲಿ ಆಸ್ಪತ್ರೆ ಕೆಲಸ ಆರಂಭಿಸಿತು. ಮಗ ಡಾ. ಕೃಷ್ಣಮೂರ್ತಿಯವರೂ, ಅವರೊಡನೆ ದುಡಿದ ಡಾ. ಶಾಂತಾರವರೂ ಅದನ್ನು ದೇಶವಿಖ್ಯಾತವಾಗಿ ಬೆಳೆಸಿದರು. ಇಂದಿಗೂ ಕರ್ನಾಟಕದಿಂದ ಎಷ್ಟೋ ಮಂದಿ ರೋಗಿಗಳು ಅಲ್ಲಿಗೆ ಬರುತ್ತಾರೆ. ೧೯೫೬ರಲ್ಲಿ ಭಾರತ ಸರ್ಕಾರ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ೧೯೬೮ನೆಯ ಜುಲೈ ೨೨ರಂದು, ಎಂಬತ್ತೆರಡು ತುಂಬಲು ಎಂಟು ದಿನಗಳಿರುವಾಗ, ಅವರು ಇಹಲೋಕವನ್ನು ತ್ಯಜಿಸಿದರು.

ಅವರ ಕಾಲದಲ್ಲಿ ಮೊಳೆತದ್ದು ಈಗ ಫಲ ಕೊಟ್ಟಿದೆ. ನಮ್ಮ ನೆರೆಯ ಮಾಧವರಂನಲ್ಲಿ, ಪಟ್ಟಣದ ಹಸು ಎಮ್ಮೆಗಳಿಗೆಂದು ಹಾಲಿನ ಕಾಲೊನಿಯೂ, ೧೯೬೦ರ ದಶಕದಲ್ಲಿ ದೊಡ್ಡ ಡೈರಿಯೂ ಬಂದುವು. ಈಗ ಬೆಳಗಿನ ಜಾವ ಪೆರಂಬೂರಿನ ಬೀದಿಗಳಲ್ಲಿ ಇಳಿಯುವ ಆವಿನ್ ಹಾಲಿನ ಪೊಟ್ಟಣ ಪಾಶ್ಚರೀಕರಿಸಿದ್ದು. ಊರಿಗೆ ಹೋದಾಗ ನಾವು ಕೊಳ್ಳುವ ನಂದಿನಿ ಹಾಲೂ ಹಾಗೆಯೇ. ಬೆಂಗಳೂರಿನಲ್ಲಿ ತಾಯಿ-ಮಕ್ಕಳಿಗೆಂದು ೧೯೩೫ರಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆ ಇದ್ದಂತೆ, ಇಲ್ಲಿ ಎಗ್ಮೋರಿನಲ್ಲಿ ಮಕ್ಕಳಿಗೆಂದೇ ದೊಡ್ಡ ಆಸ್ಪತ್ರೆ ಇದೆ. ಸಾವಿರಕ್ಕೆ ಇನ್ನೂರರ ಮೇಲಿದ್ದ ಶಿಶುಮರಣ, ೨೦೨೦ರ ಸರ್ಕಾರಿ ಲೆಕ್ಕದಂತೆ ತಮಿಳುನಾಡಿನಲ್ಲಿ ೧೩ಕ್ಕೂ ಕರ್ನಾಟಕದಲ್ಲಿ ೧೯ಕ್ಕೂ ಇಳಿದಿದೆ. ಅಂಕಿಗಳೊಡನೆ ಬಾಳುವ ನನಗೆ ಇದಕ್ಕಿಂತ ಸಂತೋಷದ ಜಮಾ ಇನ್ನೊಂದು ಕಂಡಿಲ್ಲ.

ಇನ್ನು ನಮ್ಮ ಕೌಂಟರಿಗೆ ಬರುವ ಆ ಹಣದ ವಿಷಯ. ಮುತ್ತುಲಕ್ಷ್ಮೀ ರೆಡ್ಡಿ ಹೆರಿಗೆ ಸಹಾಯ ಯೋಜನೆ ೧೯೮೭ರಲ್ಲಿ ಕೆಲವು ನೂರು ರೂಪಾಯಿಗಳಿಂದ ಮೊದಲಾಯಿತು. ೨೦೦೬ರಲ್ಲಿ ೬,೦೦೦ ರೂಪಾಯಿ, ೨೦೧೧ರಲ್ಲಿ ೧೨,೦೦೦, ೨೦೧೮ರಲ್ಲಿ ಪೌಷ್ಟಿಕ ಆಹಾರದ ಪೊಟ್ಟಣವೂ ಸೇರಿ ೧೮,೦೦೦ ರೂಪಾಯಿಗಳಿಗೆ ಏರಿತು. ಬಸಿರಾದ ಕೆಲವು ವಾರಗಳಲ್ಲೇ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಬೇಕು, ಕಾಲಕಾಲಕ್ಕೆ ಪರೀಕ್ಷೆಗೆ ಹೋಗಬೇಕು, ಮಗುವಿಗೆ ಲಸಿಕೆ ಹಾಕಿಸಬೇಕು; ಹಾಗೆ ಮಾಡಿದಂತೆ ಹಣ ಕಂತುಕಂತಾಗಿ ಖಾತೆಗೆ ಬೀಳುತ್ತದೆ. ತಾಯಿಗೆ ೧೯ ವರ್ಷವಾಗಿರಬೇಕೆಂಬ ನಿಬಂಧನೆಯೂ ಉಂಟು. ಶಾಸನಸಭೆಯಲ್ಲಿ ಬಾಲ್ಯವಿವಾಹದ ವಿರುದ್ಧ ಆಕೆ ಹೂಡಿದ ವಾದವೇ ಈ ನಿಬಂಧನೆಯ ರೂಪದಲ್ಲಿ ಇನ್ನೂ ನಡೆಯುತ್ತಿರುವಂತೆ ನನಗೆ ತೋರುತ್ತದೆ.

ನಮ್ಮ ಹಿರಿಯರಲ್ಲಿ ಅನೇಕರು ರೈಲ್ವೆಯ ನೌಕರಿಗಾಗಿ ಹುಬ್ಬಳ್ಳಿಯ ಕಡೆಯಿಂದ, ಹೋಟೆಲಿನ ಉದ್ಯೋಗಕ್ಕಾಗಿ ಉಡುಪಿಯ ಕಡೆಯಿಂದ ಈ ಊರಿಗೆ ಬಂದು ನೆಲೆ ಕಂಡವರು. ಇಂದು ಹೊಸದಾಗಿ ಬರುವವರು ಕಟ್ಟಡದ ಕೆಲಸದ, ಕೂಲಿನಾಲಿಯ ಬಡಜನ. ಅವರ ಮನೆಯ ಹೆಣ್ಣುಮಗಳು ಬಸಿರಾದಾಗ ಆರೋಗ್ಯ ಕೇಂದ್ರದ ಬಾಗಿಲು ಯಾವುದೆಂದು ತೋರಿಸುವವರಿಲ್ಲ. ತಮಿಳಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ಬಾರದೆ ಹಿಂದಿರುಗಿದರೆ ಆಕೆ ಹಣವನ್ನು ಮಾತ್ರವಲ್ಲ, ಪರೀಕ್ಷೆಯನ್ನೂ ಲಸಿಕೆಯನ್ನೂ ಕಳೆದುಕೊಳ್ಳುತ್ತಾಳೆ. ಎರಡು ಭಾಷೆಗಳನ್ನೂ ಬಲ್ಲ ನಮ್ಮ ತಾಯಂದಿರು, ಸಹೋದರಿಯರು ವಾರಕ್ಕೊಂದು ಗಂಟೆ ಅಂಥವರ ಜೊತೆಗೆ ಹೋಗಿ ನಿಂತರೆ ಸಾಕು. ಸಂಘದ ಕಾರ್ಯಕಾರಿ ಸಮಿತಿಯವರು ಈ ವಿನಂತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಬೇಡುತ್ತೇನೆ. ಧ್ವಜಾರೋಹಣ, ನಾಟಕ, ಗಾಯನಗಳಂತೆ ಇದೂ ಕನ್ನಡದ ಕೆಲಸವೇ.

ಆ ಹೆಣ್ಣುಮಗಳಿಗೆ ಅಂದು ನಾನು ಇದು ಸಾಲವಲ್ಲವೆಂದೆ. ಬ್ಯಾಂಕಿನ ಲೆಕ್ಕದಲ್ಲಿ ಆ ಮಾತು ಸರಿ. ಆದರೆ ಆಕೆಯ ಖಾತೆಗೆ ಆ ಹಣ ಬರುವಂತಾಗಲು ಒಬ್ಬಾಕೆ ಜೀವಮಾನವನ್ನೇ ವೆಚ್ಚ ಮಾಡಿದ್ದರು. ಆ ಋಣ ಆಕೆಯದಲ್ಲ, ಓದುಬರಹ ಬಲ್ಲ ನಮ್ಮೆಲ್ಲರದು. ಮುಂದಿನ ಕಂತಿಗೆ ಆಕೆ ಬಂದಾಗ, ಕೊಟ್ಟವರು ಯಾರೆಂಬ ಪ್ರಶ್ನೆಗೆ ಈ ಸಲ ಉತ್ತರ ಹೇಳಿ ಕಳುಹಿಸುತ್ತೇನೆ.